ಮುಂಗೈ ಮೇಲಿನ ಒತ್ತಕ್ಷರ

ಮಾರ್ಚ್ ಬಿಸಿಲಲ್ಲಿ ತುಂಬುತೋಳಿನ ಅಂಗಿಗೆ ಮಣಿಕಟ್ಟಿನ ಗುಂಡಿಯನ್ನೂ ಹಾಕಿಕೊಂಡು ಪಾಠ ಮಾಡುವ ಕನ್ನಡ ಮೇಷ್ಟ್ರು ಕಂಡರೆ ಮಹಾ ಶಿಸ್ತಿನವರು ಅಂದುಕೊಳ್ಳಬೇಡಿ. ಒಳಗೆ ಹಚ್ಚೆ ಇರಬಹುದು. ನನಗಿದೆ.

ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬಿದ ಹುಮ್ಮಸ್ಸಿನಲ್ಲಿ ಹೆಂಡತಿಯ ಹೆಸರು ಹಾಕಿಸಿಕೊಳ್ಳಲು ಹೋದೆ. ಸೂಜಿ ಕಂಡದ್ದೇ ಕಣ್ಣು ಮುಚ್ಚಿದವನು ತೆರೆಯುವಷ್ಟರಲ್ಲಿ ‘ಲಕ್ಷ್ಮಿ’ ಹೋಗಿ ‘ಲಕ್‌ಷ್‌ಮಿ’ ಆಗಿದ್ದಳು. ಹಚ್ಚೆ ಹಾಕುವ ಹುಡುಗನ ಕಂಪ್ಯೂಟರಿಗೆ ಕನ್ನಡದ ಒತ್ತು ಅರಗಿರಲಿಲ್ಲ. ಅಕ್ಷರಗಳು ಬಸ್ಸಿಗೆ ಕಾಯುವವರ ಹಾಗೆ ಸಾಲಾಗಿ ನಿಂತಿದ್ದವು. ಹಚ್ಚೆ ಯಂತ್ರದ ಹುಟ್ಟೇ ಹಾಗೆ. ಎಡಿಸನ್ 1876ರಲ್ಲಿ ಪೇಟೆಂಟ್ ಪಡೆದ ವಿದ್ಯುತ್ ಪೆನ್ನು ಇದ್ದದ್ದೇ ಕಾಗದಕ್ಕೆ ತೂತು ಹೊಡೆದು ನಕಲು ತೆಗೆಯಲು. 1891ರಲ್ಲಿ ನ್ಯೂಯಾರ್ಕಿನ ಸ್ಯಾಮ್ಯುಯೆಲ್ ಓ’ರೈಲಿ ಅದನ್ನೇ ತಿದ್ದಿ ಚರ್ಮಕ್ಕೆ ಹಚ್ಚಿದ. ನಕಲು ಹೊಡೆಯುವ ಯಂತ್ರಕ್ಕೆ ಮೇಷ್ಟ್ರು ಕೈ ಕೊಟ್ಟರೆ ಅದೂ ಕೈ ಕೊಡುತ್ತದೆ.

“ಇವಳ್ಯಾರ್ರೀ?” ಅಂದಳು ಹೆಂಡತಿ.

ಹಲಗೆಯ ತುದಿಯಲ್ಲಿ ತಾರೀಖು ಬರೆಯಲು ಕೈ ಎತ್ತಿದ ದಿನ ಗುಂಡಿ ಕಿತ್ತುಬಂತು. ಹಿಂದಿನ ಬೆಂಚಿನಿಂದ, “ಸಾರ್, ಒತ್ತಕ್ಷರ ತಪ್ಪು!” ಒಂದು ತಪ್ಪಿಗೆ ಐವತ್ತು ಸಲ ಬರೆಸುವವನು ನಾನು. “ಐವತ್ತು ಸಲ ಬರೀತೀರಾ ಸಾರ್?” ಪಾಪ, ಅವನು ವಿನಯದಿಂದಲೇ ಕೇಳಿದ. ಕೈಯಲ್ಲಿ ಜಾಗ ಬೇಕಲ್ಲ.

ಪಿ.ಟಿ. ಮೇಷ್ಟ್ರ ತೋಳಿನಲ್ಲಿ ಹನುಮಂತ ಗದೆ ಎತ್ತಿ ನಿಂತು ಮೂರು ವರ್ಷವಾಯಿತು. ಯಾರೂ ತುಟಿ ಪಿಟಕ್ಕೆಂದಿಲ್ಲ. ನನ್ನನ್ನು ಮಾತ್ರ ಹೆಡ್‌ಮಾಸ್ಟರು ಕರೆಸಿ, “ಕನ್ನಡ ಮೇಷ್ಟ್ರಾಗಿ ನೀವೇ ನಮ್ಮ ಸಂಸ್ಕೃತಿ ಬಿಟ್ಟರೆ ಹೇಗೆ?” ಅಂದರು. ಶಾಲೆಯಲ್ಲಿ ಸಂಸ್ಕೃತಿ ಹೊರುವ ಕೂಲಿ ನಮ್ಮದೇ. ಗಣಿತದವರಿಗೆ ಅದರ ಕಾಟವಿಲ್ಲ.

ಸಂಸ್ಕೃತಿಯ ವಿಚಾರ ಕೇಳೋಣವೆಂದು ಅವ್ವನ ಬಳಿ ಹೋದೆ. ಅವಳ ಮುಂಗೈ ತುಂಬ ಹಚ್ಚೆ. ದೀಪದ ಮಸಿಯನ್ನು ಸೊಪ್ಪಿನ ರಸದಲ್ಲಿ ಕಲೆಸಿ, ಸೂಜಿಗಳನ್ನು ಒಟ್ಟಿಗೆ ಕಟ್ಟಿ, ನೋವು ಮರೆಯಲೆಂದು ಹಾಡು ಹೇಳುತ್ತ ಚುಚ್ಚಿದವಳು ಕೊರವಂಜಿ. ಕೂಲಿ ಒಂದು ಸೇರು ರಾಗಿ. ಸತ್ತಾಗ ಜೊತೆಗೆ ಬರುವುದು ಹಚ್ಚೆಯೊಂದೇ ಎನ್ನುವವಳು ಅವ್ವ. ನನ್ನ ಕೈಯನ್ನು ತನ್ನ ಕೈ ಪಕ್ಕ ಇಟ್ಟುಕೊಂಡು ಬಹಳ ಹೊತ್ತು ನೋಡಿದಳು.

“ನಂಗೆ ಚುಚ್ಚಿದೋಳಿಗೆ ಓದೋಕೆ ಬರ್ತಿರಲಿಲ್ಲ ಕಣೋ. ಎಣಿಸಿ ನೋಡು, ಒಂದು ಚುಕ್ಕಿ ತಪ್ಪಿಲ್ಲ.”