ಸಂಯೋಜ್ಯ ಹಸ್ತ ರಂಧ್ರಪರಿಷ್ಕಾರಕ: ಸ್ವರೂಪ, ಲಕ್ಷಣ ಮತ್ತು ಅನನ್ಯತೆ

ಪೂರ್ವಸ್ಥಿತ ರಂಧ್ರವೊಂದನ್ನು ಅಪೇಕ್ಷಿತ ವ್ಯಾಸಕ್ಕೆ ಪರಿಷ್ಕರಿಸುವ, ಬಹುಧಾರಾತ್ಮಕ, ವ್ಯಾಸಪರಿವರ್ತನಕ್ಷಮ ಕೈ ಉಪಕರಣವನ್ನು ಪ್ರಸ್ತುತ ಪ್ರಬಂಧವು ‘ಸಂಯೋಜ್ಯ ಹಸ್ತ ರಂಧ್ರಪರಿಷ್ಕಾರಕ’ (ಇನ್ನು ಮುಂದೆ ಸಂಹರಂಪ) ಎಂದು ಕರೆಯುತ್ತದೆ. ಗ್ಯಾರೇಜುಗಳಲ್ಲಿ ಇದಕ್ಕೆ ರೀಮರ್ ಎನ್ನುತ್ತಾರೆಂದು ಕ್ಷೇತ್ರಕಾರ್ಯದಿಂದ ತಿಳಿದುಬಂದಿದೆ. ಎಲ್ಲರಿಗೂ ಅರ್ಥವಾಗುವ ಪದವಾದ್ದರಿಂದ ಅದು ವಿದ್ವತ್ ಚರ್ಚೆಗೆ ಒದಗುವುದಿಲ್ಲ.

ಸಂಹರಂಪಗಳಲ್ಲಿ ಏಳು ವರ್ಗ. ಮೊದಲನೆಯದು ಅಕ್ಷರಾಂಕಿತ: ಹಿಡಿಯ ಮೇಲೆ ಎ, ಬಿ, ಸಿ ಎಂದು ಕೊರೆದಿರುತ್ತದೆ, ಎ ಎಂದರೆ 15/32 ಇಂಚಿನಿಂದ 17/32 ಇಂಚಿನವರೆಗೆ ಹಿಗ್ಗುವಂಥದು. ಎರಡನೆಯದು ಅಕ್ಷರಲುಪ್ತ: ಗುಜರಿ ರಾಶಿಯಲ್ಲಿ ಸಿಗುತ್ತದೆ. ಬ್ಲೇಡುಗಳನ್ನು ಈ ಕೊನೆಗೊಮ್ಮೆ ಆ ಕೊನೆಗೊಮ್ಮೆ ಸರಿಸಿ ಕ್ಯಾಲಿಪರ್ ಹಿಡಿದರೆ ಜಾತಕ ಗೊತ್ತಾಗುತ್ತದೆ. ಮೂರನೆಯದು ತುಕ್ಕುಪೂರ್ವ, ನಾಲ್ಕನೆಯದು ತುಕ್ಕೋತ್ತರ. ಐದನೆಯದರ ಹೊತ್ತಿಗೆ ಊಟದ ವಿರಾಮ ಘೋಷಣೆಯಾಯಿತು.

ರಾಚನಿಕವಾಗಿ, ದೇಹದ ಸುತ್ತ ಓರೆಯಾಗಿ ಕೊರೆದ ಸಂದುಗಳಲ್ಲಿ ಸಾಮಾನ್ಯವಾಗಿ ಆರು ಬ್ಲೇಡು. ಆಚೀಚೆ ಎರಡು ನಟ್ಟು. ಹಿಡಿಯ ಕಡೆಯ ನಟ್ಟನ್ನು ಸಡಿಲಿಸಿ ತುದಿಯ ಕಡೆಯದನ್ನು ಬಿಗಿದರೆ ಬ್ಲೇಡುಗಳು ಓರೆ ಹತ್ತಿ ಹೊರಚಾಚುತ್ತವೆ. ಇದನ್ನು ‘ಕೇಂದ್ರದಿಂದ ಅಂಚಿನೆಡೆಗಿನ ಪಲ್ಲಟ’ ಎಂದು ಓದಬೇಕು. ಟ್ಯಾಪ್ ಹ್ಯಾಂಡಲ್ ಸಿಕ್ಕಿಸಿ ಬಲಕ್ಕೇ ತಿರುಗಿಸತಕ್ಕದ್ದು, ಹೊರತೆಗೆಯುವಾಗಲೂ ಬಲಕ್ಕೇ. ಪ್ರಗತಿಪರ ವಿಮರ್ಶಕರು ಆಕ್ಷೇಪಿಸಬಹುದು. ಎಡಕ್ಕೆ ತಿರುಗಿಸಿದರೆ ಧಾರೆ ಮೊಂಡಾಗುತ್ತದೆ, ನಾನೇನು ಮಾಡಲಿ.

ಈ ಪರಿಭಾಷೆ ನನ್ನದಲ್ಲ. ತಾಂತ್ರಿಕ ಪದಕೋಶದ ಕಮ್ಮಟವೊಂದರಲ್ಲಿ ಎರಡು ದಿನ ಕೂತಿದ್ದೆ. ರೀಮರು ರಂಧ್ರವರ್ಧಕವೋ ರಂಧ್ರಪರಿಷ್ಕಾರಕವೋ ಎಂದು ಒಂದಿಡೀ ಮಧ್ಯಾಹ್ನ ಚರ್ಚೆ. ‘ಪರಿಷ್ಕಾರ’ದ ವ್ಯುತ್ಪತ್ತಿಗೇ ಮುಕ್ಕಾಲು ಗಂಟೆ. ಆ ಹಾಲಿನಲ್ಲಿ ರೀಮರನ್ನು ಕೈಯಲ್ಲಿ ಹಿಡಿದವರು ಎಷ್ಟು ಜನ ಎಂದು ಕೇಳಿದೆ. ಟೀ ಬಂತು.

ಮೈಸೂರಿನಲ್ಲಿ 1961ರಿಂದ 1996ರವರೆಗೆ ಜಾವಾ, ಯೆಜ್ಡಿ ಬೈಕುಗಳು ತಯಾರಾಗುತ್ತಿದ್ದವು. ಅವುಗಳ ಕನೆಕ್ಟಿಂಗ್ ರಾಡಿನ ಬುಷ್ ಬದಲಿಸುವ ಒಬ್ಬರು ಮೇಸ್ತ್ರಿ ನನಗೆ ಗೊತ್ತಿದ್ದರು. ಹೊಸ ಬುಷ್ ಒತ್ತಿ ಕೂರಿಸಿ, ರೀಮರಿನ ನಟ್ಟನ್ನು ಒಂದಿಷ್ಟೇ ಇಷ್ಟು ಬಿಗಿದು, ಕೂದಲೆಳೆಯಷ್ಟು ಕೆರೆದು, ಪಿನ್ನಿಗೆ ಎಣ್ಣೆ ಸವರಿ ಹೆಬ್ಬೆರಳಲ್ಲಿ ತಳ್ಳುತ್ತಿದ್ದರು. “ಇನ್ನೂ ಕಚ್ತದೆ ಸಾರ್.” ಮತ್ತೆ ನಟ್ಟು, ಮತ್ತೆ ಎಣ್ಣೆ. “ಈಗ ಕೂತ್ಕೊತು.” ಅವಸರದ ಹುಡುಗ ಹೆಚ್ಚು ಕೆರೆದುಬಿಟ್ಟರೆ, “ಆಡ್ತದೆ, ತೆಗೆದು ಬಿಸಾಕು.” ಬ್ಯಾಂಕಿನ ಕಾಗದಕ್ಕೂ ಅವರು ಒತ್ತುತ್ತಿದ್ದದ್ದು ಅದೇ ಹೆಬ್ಬೆಟ್ಟು. ಅವರನ್ನು ಯಾವ ಕಮ್ಮಟಕ್ಕೂ ಯಾರೂ ಕರೆಯಲಿಲ್ಲ. ಕರೆದಿದ್ದರೆ ಪ್ರಯಾಣ ಭತ್ಯೆಯ ಫಾರಂ ತುಂಬಲು ಬರುತ್ತಿರಲಿಲ್ಲ ಎಂಬುದು ಬೇರೆ ಮಾತು. ಅವರು ಹೋದ ಮೇಲೆ ಅಂಗಡಿಯಲ್ಲಿ ಈಗ ಮೊಬೈಲ್ ಕವರ್ ಮಾರುತ್ತಾರೆ. ನನ್ನ ಮನೆಯ ಬೆಂಚಿನ ಮೇಲೆ ಅವರ ಒಂದು ರೀಮರ್ ಇದೆ. ಇದುವರೆಗೆ ನಾನು ಮೂರು ಬುಷ್ ಕೆಡಿಸಿದ್ದೇನೆ.

ಪದಕೋಶ ಅಚ್ಚಾಗಿದೆ. ರಂಧ್ರಪರಿಷ್ಕಾರಕ ಇದೆ, ಕಚ್ಚು, ಕೂರು, ಆಡು ಇಲ್ಲ. ನಿಮ್ಮೂರಿನಲ್ಲಿ ಇಂಥ ಮೇಸ್ತ್ರಿ ಇನ್ನೂ ಶಟರ್ ಎತ್ತುತ್ತಿದ್ದರೆ, ಒಂದು ನೋಟ್‌ಬುಕ್ ತಗೊಂಡು ನಾಳೆಯೇ ಹೋಗಿ ಕೂತುಕೊಳ್ಳಿ.