ಗ್ರ್ಯಾಪಲ್ ಕೈಪಿಡಿ: ಮೊದಲು ಓದಿ, ಆಮೇಲೆ ಕಾರ್ಡ್ ಉಜ್ಜಿ

ಅಭಿನಂದನೆಗಳು! ಅಮೆರಿಕದ ಹಳ್ಳಿಗಾಡಿನಲ್ಲಿ ನಿಮಗೂ ಐದೆಕರೆ ಕಾಡುಜಮೀನಾಯಿತು. ಅದನ್ನು ಸವರಲು 25 ಕುದುರೆಶಕ್ತಿಯ ಕಾಂಪ್ಯಾಕ್ಟ್ ಟ್ರ್ಯಾಕ್ಟರ್ ಬಂತು, ಮೂತಿಗೆ ಲೋಡರೂ ಇದೆ. ಬಿದ್ದ ಓಕ್ ಮರ, ಮುಳ್ಳುಪೊದೆ, ಬೇರುಬೊಡ್ಡೆಗಳನ್ನು ಕಚ್ಚಿ ಎತ್ತುವ ಗ್ರ್ಯಾಪಲ್ ಒಂದು ಬಾಕಿ.

ಹಂತ 1. ಯೂಟ್ಯೂಬ್ ಮುಚ್ಚಿ. ಅಲ್ಲಿ 72 ಇಂಚಿನ ಗ್ರ್ಯಾಪಲ್ಲಿನಲ್ಲಿ ಇಡೀ ಮರ ಹೊತ್ತು ಹೋಗುತ್ತಿರುವುದು ಸ್ಕಿಡ್ ಸ್ಟಿಯರ್ ಎಂಬ ಬೇರೆಯೇ ಯಂತ್ರ. ನಿಮ್ಮ ಟ್ರ್ಯಾಕ್ಟರಿಗೂ ಅದಕ್ಕೂ ಬಣ್ಣವೊಂದೇ ಸಮಾನ.

ಹಂತ 2. ಲೋಡರಿನ ಪುಸ್ತಕದಲ್ಲಿ ಎತ್ತುವ ಸಾಮರ್ಥ್ಯ ನೋಡಿ. 500 ಕಿಲೋ ಎಂದಿದೆಯೆ? ಹಿಗ್ಗಬೇಡಿ. ಅದು ಪಿನ್ನಿನ ಲೆಕ್ಕ: ಬಕೆಟ್ಟನ್ನೂ ಕಳಚಿಟ್ಟು ತೋಳಿನ ತುದಿಗೇ ಭಾರ ಕಟ್ಟಿದರೆ ಎಷ್ಟು ಎಂಬ ಮಾತು. ದಿಮ್ಮಿ ಅಷ್ಟು ಹತ್ತಿರ ಬಂದು ಕೂರುವುದಿಲ್ಲ. ಭಾರ ಮುಂದೆ ಸರಿದಷ್ಟೂ ಶಕ್ತಿ ಇಳಿಯುತ್ತದೆ. ಅದಕ್ಕೇ ಪಿನ್ನಿನಿಂದ 500 ಮಿಲಿಮೀಟರ್ ಮುಂದಿನ ಅಂಕಿಯನ್ನೂ ಕೆಲವು ಕಂಪನಿಗಳು ಕೊಡುತ್ತವೆ. ಜಾಹೀರಾತಿನಲ್ಲಿ ಅಲ್ಲ, ಕೋಷ್ಟಕದ ಕೆಳಗೆ. ಅದು 400 ಎನ್ನೋಣ. ಈಗ ಗ್ರ್ಯಾಪಲ್ಲಿನ ಸ್ವಂತ ತೂಕ ಕಳೆಯಿರಿ. ಹಗುರವಾದ 48 ಇಂಚಿನದು ಸುಮಾರು 130 ಕಿಲೋ; ಉಳಿಯಿತು 270. ಸ್ಕಿಡ್ ಸ್ಟಿಯರಿಗೆಂದೇ ಮಾಡಿದ 72 ಇಂಚಿನ ದಪ್ಪ ಉಕ್ಕಿನದು 400ರ ಆಸುಪಾಸು. ಅದನ್ನು ಕೊಂಡರೆ ಟ್ರ್ಯಾಕ್ಟರ್ ದಿನವಿಡೀ ಗ್ರ್ಯಾಪಲ್ಲನ್ನೇ ಎತ್ತಿ ಇಳಿಸುತ್ತದೆ. ದಿಮ್ಮಿಗೆ ನಿಮ್ಮ ಹೆಗಲಿದೆಯಲ್ಲ.

ಲೆಕ್ಕ ಒರಟು, ಆದರೆ ಮರದ ಲೆಕ್ಕ ಇನ್ನೂ ಒರಟು. ಹಸಿ ಓಕ್ ಘನ ಅಡಿಗೆ 28 ಕಿಲೋದಷ್ಟು ತೂಗುತ್ತದೆ. ಒಂದೂವರೆ ಅಡಿ ವ್ಯಾಸದ ಎಂಟಡಿ ದಿಮ್ಮಿ ಅಂದರೆ 400 ಕಿಲೋ. ಅದನ್ನು ಐದಡಿಗೆ ಕೊಯ್ದರೆ 250ಕ್ಕೆ ಇಳಿದು 270ರೊಳಗೆ ಕೂರುತ್ತದೆ. ದೊಡ್ಡ ಗ್ರ್ಯಾಪಲ್ ಮಾಡದ ಕೆಲಸವನ್ನು ಚೈನ್ ಸಾ ಮಾಡುತ್ತದೆ.

ಹಂತ 3. ಗ್ರ್ಯಾಪಲ್ಲಿನ ಅಗಲ ಟ್ರ್ಯಾಕ್ಟರಿನ ಟೈರುಗಳ ಹೊರಅಂಚು ಮೀರದಿರಲಿ. ದಿಮ್ಮಿ ಎರಡು ಕಡೆ ಚಾಚಿಕೊಂಡರೆ ಪರವಾಗಿಲ್ಲ. ಅಗಲದ ಗ್ರ್ಯಾಪಲ್ಲಿನ ಮೂಲೆ ಯಾವುದಾದರೂ ಬೇರಿಗೆ ಸಿಕ್ಕಿಕೊಂಡರೆ ಲೋಡರಿನ ತೋಳೇ ತಿರುಚಿಕೊಳ್ಳುತ್ತದೆ. ಮೇಲಿಂದ ಕಚ್ಚಿ ಹಿಡಿಯುವ ಮುಚ್ಚಳ ಎರಡಿರುವುದು ಬೇಕೆ? ಓರೆಕೋರೆ ರಾಶಿಯನ್ನು ಅದು ಚೆನ್ನಾಗಿ ಹಿಡಿಯುತ್ತದೆ, ನಿಜ. ಎರಡನೆಯ ಮುಚ್ಚಳದ ತೂಕವನ್ನೂ ಆ 270ರಲ್ಲೇ ಕಳೆಯಬೇಕು.

ಹಂತ 4. ಗ್ರ್ಯಾಪಲ್ಲನ್ನು ಲೋಡರಿಗೆ ಸಿಕ್ಕಿಸುವ ಕೊಂಡಿ ನೋಡಿ. ಜಾನ್ ಡಿಯರ್‌ನ ಚಿಕ್ಕ ಟ್ರ್ಯಾಕ್ಟರುಗಳದ್ದು ತಮ್ಮದೇ ಕೊಂಡಿ. ಸ್ಕಿಡ್ ಸ್ಟಿಯರ್ ಕೊಂಡಿಯ ಗ್ರ್ಯಾಪಲ್ ನೇರವಾಗಿ ಕೂರುವುದಿಲ್ಲ. ಬಾಯಿ ತೆರೆದು ಮುಚ್ಚಲು ಮೂರನೆಯ ಹೈಡ್ರಾಲಿಕ್ ವಾಲ್ವ್ ಬೇರೆ ಬೇಕು. ಅದಕ್ಕೆ ಬೇರೆ ಬಿಲ್.

ಎಚ್ಚರಿಕೆ (ಇಲ್ಲಿ ತಮಾಷೆ ಇಲ್ಲ): ಹಿಂದೆ ತೂಕ ಕಟ್ಟದೆ ಮುಂದೆ ಭಾರ ಎತ್ತಿದರೆ ಹಿಂಗಾಲಿ ಹಗುರಾಗುತ್ತದೆ. ಸಾಮಾನ್ಯವಾಗಿ ಟ್ರ್ಯಾಕ್ಟರಿನ ಬ್ರೇಕ್ ಇರುವುದೇ ಹಿಂದಿನ ಚಕ್ರಗಳಿಗೆ. ಇಳಿಜಾರಿನಲ್ಲಿ ಇದು ತಿಳಿಯುವ ಹೊತ್ತಿಗೆ ತಡವಾಗಿರುತ್ತದೆ. ದಿಮ್ಮಿಯನ್ನು ನೆಲಕ್ಕೆ ಹತ್ತಿರವೇ ಒಯ್ಯಿರಿ. ತಲೆಗಿಂತ ಮೇಲೆತ್ತಿದ ದಿಮ್ಮಿ ಜಾರಿದರೆ ತೋಳಿನ ಮೇಲೆ ಉರುಳಿ ಸೀಟಿಗೇ ಬರುತ್ತದೆ. ರಕ್ಷಣಾ ಕಮಾನನ್ನು ಮಡಚಿಡಬೇಡಿ, ಬೆಲ್ಟ್ ಕಟ್ಟಿಕೊಳ್ಳಿ.

ಒಟ್ಟಾರೆ 25 ಕುದುರೆಶಕ್ತಿಗೆ 48 ಇಂಚು, ಒಂದೇ ಮುಚ್ಚಳ, ಹಗುರದ್ದು ಸಾಕು. ಮಿಕ್ಕ ದುಡ್ಡು ವಾಲ್ವಿಗೆ, ಹಿಂದಿನ ತೂಕದ ಪೆಟ್ಟಿಗೆಗೆ. ಅಂಗಡಿಯವನು 60 ಇಂಚಿನದರ ಕಡೆ ಕೈ ತೋರಿಸಿದರೆ ಬೆಲೆ ಕೇಳುವ ಮೊದಲು ತೂಕ ಕೇಳಿ.