ಅಧ್ಯಕ್ಷರ ಕೆವೈಸಿ

ಬಡವರನ್ನು ಬ್ಯಾಂಕಿನ ಮೆಟ್ಟಿಲು ಹತ್ತಿಸುವ ಟ್ರಸ್ಟೊಂದರ ಸಭೆ. ಸ್ಥಳ: ಬೆಂಗಳೂರಿನ ದೊಡ್ಡ ಹೋಟೆಲು.

ಅಧ್ಯಕ್ಷರು: 2014ರ ಆಗಸ್ಟ್ 28ಕ್ಕೆ ಜನಧನ್ ಶುರುವಾಯ್ತು. ಆವತ್ತಿಂದ ನಾವು ಖಾತೆ ತೆರೆಸಿದ್ದೇ ತೆರೆಸಿದ್ದು! ವರದಿಯಲ್ಲಿ ನನ್ನ ಫೋಟೊ ದೊಡ್ಡದಾಗಿರಲಿ.

ಕಾರ್ಯಕರ್ತೆ: ಅದರಲ್ಲಿ ಸುಮಾರು ಖಾತೆ ನಿಷ್ಕ್ರಿಯ ಆಗಿವೆ ಸಾರ್. ಎರಡು ವರ್ಷ ವ್ಯವಹಾರ ಇಲ್ಲದಿದ್ರೆ ಹಾಗೇ. ಚೆನ್ನಾಗಿ ನಡೆಸಿದ್ರೆ 10,000 ರೂಪಾಯಿವರೆಗೆ ಓವರ್‌ಡ್ರಾಫ್ಟ್ ಕೇಳಬಹುದಿತ್ತು. ಯಾರೂ ಹೇಳಿಕೊಡಲಿಲ್ಲ.

ಅಧ್ಯಕ್ಷರು: ನಾವು ತೆರೆಸೋರು ಕಣಮ್ಮ. ನಡೆಸೋದು ಅವರವರ ಹಣೆಬರಹ.

ಖಜಾಂಚಿ (ಅಧ್ಯಕ್ಷರ ಬಾಮೈದ, ಇನ್ಯಾರು?): ಭಾವ, ನಮ್ಮ ಟ್ರಸ್ಟಿನ ಖಾತೆಯನ್ನೂ ತಡೆಹಿಡಿದಿದ್ದಾರೆ. ಹೊಸದಾಗಿ ಕೆವೈಸಿ ಕೊಡಬೇಕಂತೆ. ಆಧಾರ್‌ನಲ್ಲಿ ನಿಮ್ಮ ಇನಿಶಿಯಲ್ ಹಿಂದಿದೆ, ಪ್ಯಾನ್‌ನಲ್ಲಿ ಮುಂದಿದೆ.

ಅಧ್ಯಕ್ಷರು: ಮ್ಯಾನೇಜರನ್ನ ಇಲ್ಲಿಗೇ ಕರೆಸು!

ಖಜಾಂಚಿ: ನೀವೇ ಬರಬೇಕಂತೆ. ಟೋಕನ್ ತಗೊಂಡು.

ಕಾರ್ಯಕರ್ತೆ: ಹಳ್ಳೀಲಿ ಹೆಂಗಸರು ಕೂಲಿ ಬಿಟ್ಟು ಇದಕ್ಕೇ ಓಡಾಡ್ತಾರೆ ಸಾರ್. ಹೋದಾಗ ಸರ್ವರ್ ಇರಲ್ಲ.

(ಹಿರಿಯ ಟ್ರಸ್ಟಿಯೊಬ್ಬರು ಗೊರಕೆ ಮುಂದುವರಿಸಿದರು. ಅವರ ಸಹಿಯಿಲ್ಲದೆ ಚೆಕ್ಕು ನಡೆಯುವುದಿಲ್ಲ.)

ಅಧ್ಯಕ್ಷರು: ಈ ಹೋಟೆಲ್ ಬಿಲ್ಲಿಗೆ ಏನಪ್ಪಾ ಮಾಡೋದು?

ಕಾರ್ಯಕರ್ತೆ: ನಮ್ಮ ಸ್ತ್ರೀಶಕ್ತಿ ಸಂಘದಲ್ಲಿ ಸಾಲ ಸಿಗುತ್ತೆ. ವಾರವಾರ ಉಳಿತಾಯ ಕಟ್ಟಬೇಕು, ಸಭೆ ತಪ್ಪಿಸಬಾರದು, ಲೆಕ್ಕದ ಪುಸ್ತಕ ಎಲ್ಲರ ಮುಂದೆ ಓದಬೇಕು.

ಅಧ್ಯಕ್ಷರು: ಎಲ್ಲರ ಮುಂದೇನಾ?

ಕಾರ್ಯಕರ್ತೆ: ಹೂಂ ಸಾರ್. ಅದೂ ಅಲ್ಲದೆ ಹೆಂಗಸರಿಗೆ ಮಾತ್ರ ಸದಸ್ಯತ್ವ.

ಅಧ್ಯಕ್ಷರು (ಬಾಮೈದನ ಕಡೆ ತಿರುಗಿ): ನಿಮ್ಮಕ್ಕನಿಗೆ ಒಂದು ಫೋನ್ ಹಾಕೋ.